ವೇಪ್ ಹಿಡಿದ ಮೇಲೆ ತಮ್ಮ ದುಡುಕುತ್ತಾನೆ, ಇದು ನಿಕೋಟಿನ್ ಕೆಲಸವಾ, ಅವನ ಸ್ವಭಾವವಾ?

ತಮ್ಮನಿಗೆ 22 ವರ್ಷ, ವೇಪ್ (ಇ-ಸಿಗರೇಟು) ಶುರು ಮಾಡಿದ ಮೇಲೆ ಸಂಬಳ ಬಂದ ವಾರದಲ್ಲೇ ಖಾಲಿ, ಈಗ ಇದ್ದಕ್ಕಿದ್ದ ಹಾಗೆ ಕೆಲಸ ಬಿಡ್ತೀನಿ ಅಂತಾನೆ ಅಂತ ಬರೆದಿದ್ದೀರಿ. ತಂಬಾಕು ಬಿಡಲು ಬರುವವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ, ಮನೆಯವರು ತುಂಬ ಜನ ಇದನ್ನೇ ಕೇಳುತ್ತಾರೆ. ನನ್ನ ಪ್ರಕಾರ ಎರಡೂ ಸೇರಿದೆ. ಆದರೆ 'ಇವನ ಸ್ವಭಾವವೇ ಇಷ್ಟು' ಅಂತ ಈಗಲೇ ಷರಾ ಬರೆದುಬಿಡಬೇಡಿ.

ಸಂಶೋಧಕರು ಈ ದುಡುಕನ್ನು ಅಳೆಯುವ ರೀತಿ ಸರಳ. ಈಗಲೇ ಇಷ್ಟು ದುಡ್ಡು ಬೇಕಾ, ಸ್ವಲ್ಪ ಕಾಲ ಬಿಟ್ಟು ಅದಕ್ಕಿಂತ ಜಾಸ್ತಿ ಬೇಕಾ ಅಂತ ಮೊತ್ತ, ದಿನ ಬದಲಿಸಿ ಕೇಳುತ್ತಾ ಹೋಗುತ್ತಾರೆ. ಕಾಯುವ ದಿನ ಹೆಚ್ಚಿದಷ್ಟೂ ಆ ದುಡ್ಡು ಎಲ್ಲರಿಗೂ ಸಣ್ಣದಾಗಿ ಕಾಣುತ್ತದೆ, ಕೆಲವರಿಗೆ ಬಹಳ ಬೇಗ. 1999ರಲ್ಲಿ ಅಮೆರಿಕದ ವಾರೆನ್ ಬಿಕೆಲ್ ಮತ್ತು ಜೊತೆಗಾರರು ಸಿಗರೇಟು ಸೇದುವವರು, ಬಿಟ್ಟವರು, ಯಾವತ್ತೂ ಸೇದದವರು, ಮೂರೂ ಗುಂಪಿಗೆ ಹೀಗೆ ಕೇಳಿದರು. ಸೇದುವವರು 'ಈಗಲೇ ಕೊಡಿ' ಅನ್ನುವ ಕಡೆ ಜಾಸ್ತಿ ವಾಲಿದರು. ಬಿಟ್ಟವರು ಹೆಚ್ಚುಕಡಿಮೆ ಯಾವತ್ತೂ ಸೇದದವರ ಹಾಗೇ ಇದ್ದರು! ಬಿಟ್ಟ ಮೇಲೆ ತಾಳ್ಮೆ ಬಂತೋ, ತಾಳ್ಮೆ ಇದ್ದವರಿಗೇ ಬಿಡಲು ಆಯಿತೋ, ಅದು ಈ ಒಂದು ಅಧ್ಯಯನದಿಂದ ಗೊತ್ತಾಗುವುದಿಲ್ಲ. 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿತು, ಕಾಯಲು ಆಗದ ಮಕ್ಕಳೇ ಮುಂದೆ ಸಿಗರೇಟು ಹಿಡಿಯುವುದು ಜಾಸ್ತಿ ಅಂತ ಕಂಡಿತು. ಹಾಗಾಗಿ ನಿಮ್ಮ ತಮ್ಮನಲ್ಲೂ ಸ್ವಲ್ಪ ದುಡುಕು ಮೊದಲೇ ಇದ್ದಿರಬಹುದು.

ಆದರೆ ಮನೆಯಲ್ಲಿ ನೀವು ದಿನಾ ನೋಡುತ್ತಿರುವುದರಲ್ಲಿ ಚಡಪಡಿಕೆಯ ಪಾಲು ದೊಡ್ಡದು ಅಂತ ನನಗೆ ಅನಿಸುತ್ತದೆ. ಹೊಗೆ ಎಳೆದ 10-20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ, ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಸಿಡಿಮಿಡಿ, ಗಮನ ನಿಲ್ಲದಿರುವುದು, ಈ ಕ್ಷಣವೇ ಏನೋ ಒಂದು ಆಗಿಬಿಡಬೇಕು ಅನ್ನುವ ಒತ್ತಡ. ಸಿಗರೇಟಾದರೆ ಸೇದಿ ಮುಗಿಯುತ್ತದೆ, ಇನ್ನೊಂದು ಬೇಕು ಅಂದರೆ ಎದ್ದು ಅಂಗಡಿಗೆ ಹೋಗಬೇಕು, ಅಷ್ಟರಲ್ಲಿ ಬೇಡ ಅನ್ನಿಸಲೂಬಹುದು. ವೇಪ್‌ಗೆ ಆ ಕೊನೆಯೇ ಇಲ್ಲ. ಜೇಬಿನಲ್ಲೇ ಇರುತ್ತದೆ, ಸುಮ್ನೆ ಒಂದು ಸಲ ಎಳೆದು ಇಟ್ಟುಕೊಳ್ಳಬಹುದು. ಬೇಕಾ ಬೇಡವಾ ಅಂತ ಯೋಚಿಸುವ ಜಾಗವೇ ಸಿಗುವುದಿಲ್ಲ ಅಲ್ವಾ? ಮೇಲಾಗಿ ಮುಂದಿನದನ್ನು ತೂಗಿ ನೋಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಆಗುತ್ತದೆ. (ನಮ್ಮ ದೇಶದಲ್ಲಿ 2019ರಿಂದ ವೇಪ್ ಮಾರಾಟವೇ ನಿಷೇಧ. ಕದ್ದು ಮಾರುವ ಮಾಲಿನಲ್ಲಿ ನಿಕೋಟಿನ್ ಎಷ್ಟಿದೆ ಅಂತ ಯಾರನ್ನು ಕೇಳುವುದು? ನನಗೆ ನಿಜವಾಗಿಯೂ ಭಯ ಅದು.)

ದಯವಿಟ್ಟು ಅವನು ಚಡಪಡಿಸುತ್ತಿರುವಾಗ ದುಡ್ಡಿನ ವಿಷಯ, ಕೆಲಸದ ವಿಷಯ ಎತ್ತಬೇಡಿ. ಊಟ ಆಗಿ ಸಮಾಧಾನವಾಗಿದ್ದಾಗ ಮಾತಾಡಿ. ಹತ್ತು ವರ್ಷ ಬಿಟ್ಟು ಬರುವ ಕಾಯಿಲೆ ಹೇಳಿದರೆ ಅವನಿಗೆ ನಾಟುವುದಿಲ್ಲ, ದೂರದ್ದು ಸಣ್ಣದಾಗಿ ಕಾಣುವುದೇ ಅವನ ಕಷ್ಟ. ಈ ತಿಂಗಳು ವೇಪ್‌ಗೆ ಹೋದ ದುಡ್ಡನ್ನು ಅವನ ಕೈಯಲ್ಲೇ ಬರೆಸಿ. ಸಂಬಳ ಬಂದ ದಿನವೇ ಒಂದು ಪಾಲು ತಾನಾಗೇ ಆರ್‌ಡಿಗೆ ಹೋಗುವ ಹಾಗೆ ಅವನಿಂದಲೇ ಮಾಡಿಸಿ. ಬಿಡಲು ಒಪ್ಪಿದರೆ ಮೊದಲ 2-3 ದಿನ ತುಂಬ ಕಷ್ಟ, ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ರಾಜೀನಾಮೆ ಕೊಡುವುದಿಲ್ಲ, ಸಾಲ ಮಾಡುವುದಿಲ್ಲ ಅಂತ ಒಂದು ಮಾತು ತೆಗೆದುಕೊಳ್ಳಿ. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಸಂಖ್ಯೆ 1800-11-2356. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಆದರೆ ಎಷ್ಟು, ಹೇಗೆ ಅಂತ ಡಾಕ್ಟರನ್ನು ಕೇಳಿಕೊಂಡೇ ಶುರು ಮಾಡಲಿ. ಚ್ಯೂಯಿಂಗ್ ಗಮ್ ಹಾಗೆ ಒಂದೇ ಸಮನೆ ಅಗಿಯಬಾರದು, ಸ್ವಲ್ಪ ಅಗಿದು ಖಾರ ಅನ್ನಿಸಿದಾಗ ಕೆನ್ನೆ-ವಸಡಿನ ನಡುವೆ ಇಟ್ಟುಕೊಳ್ಳಬೇಕು.