ಬೇಲೂರಿಗಿಂತ ಮೊದಲಿನ ಗುಡಿ

ಪ್ರಶ್ನೆ: ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಹೊಯ್ಸಳರ ಕಾಲದ್ದೇ ತಾನೇ? ಬೇಲೂರಿನಷ್ಟು ಕೆತ್ತನೆ ಯಾಕಿಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಹೌದು, ಹೊಯ್ಸಳರ ಕಾಲದ್ದೇ. ಆದರೆ ಬೇಲೂರಿಗಿಂತ ಸ್ವಲ್ಪ ಹಳೆಯದು. ಇದು ಸುಮಾರು 1114ರದ್ದು, ಬೇಲೂರಿನ ಚೆನ್ನಕೇಶವ 1117ರದ್ದು. ಇನ್ನೊಂದು ವ್ಯತ್ಯಾಸ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬೇಲೂರಿನದು ರಾಜ ವಿಷ್ಣುವರ್ಧನನೇ ಕಟ್ಟಿಸಿದ್ದು, ಇದು ಅವನ ಕಾಲದಲ್ಲೇ ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಅಂದಮೇಲೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಅಲ್ವಾ?

ಗೋಡೆ ಸರಳವಾಗಿದೆ ಎಂದು ಬೇಗ ಹೊರಟುಬಿಡಬೇಡಿ. ಇದು ಚತುಷ್ಕೂಟ, ಅಂದರೆ ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ಹೊಯ್ಸಳರಲ್ಲಿ ಇಂಥದ್ದು ಬಹಳ ಅಪರೂಪ. ಹೊರಗೆ ನಿಂತು ತಲೆಯೆತ್ತಿ ನೋಡಿ: ಮೂರು ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಕದಂಬರ ಮಾದರಿಯವು, ಕೆತ್ತನೆಯೇ ಇಲ್ಲ. ಲಕ್ಷ್ಮಿಯ ಗರ್ಭಗುಡಿಯ ಮೇಲಿನದು ಮಾತ್ರ ತುಂಬಾ ಅಲಂಕಾರದ್ದು. ಹಳೆಯ ರೀತಿ, ಹೊಸ ರೀತಿ ಎರಡೂ ಒಂದೇ ಗುಡಿಯ ಮೇಲೆ! ಬೇಲೂರಿನಲ್ಲಿರುವಂಥ ಎತ್ತರದ ಜಗತಿ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆ, ಇಲ್ಲಿಲ್ಲ. ಕಲ್ಲು ಮಾತ್ರ ಅದೇ ಬಳಪದ ಕಲ್ಲು. ಒಳಗೆ ಕಾಳಿಯ ಗುಡಿಯ ಮುಂದೆ ಎಲುಬು ಕಾಣುವ ಬೇತಾಳಗಳಿವೆ, ಅವನ್ನು ನೋಡದೆ ಬರಬೇಡಿ.

ಅಂಗಳದ ಮೂಲೆಗಳಲ್ಲೂ ಪುಟ್ಟ ಗುಡಿಗಳಿವೆ. ಬೇಲೂರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಮೊದಲು ಇಲ್ಲಿಗೇ ಹೋಗಿ.