ಪರಮಪ್ರಸಾದ ನಿಜವಾಗಿ ಯೇಸುವಿನ ದೇಹವಾ, ಬರೀ ನೆನಪಿನ ಗುರುತಾ?

ಚರ್ಚಿನಲ್ಲಿ ಪರಮಪ್ರಸಾದ ಅಂತ ಕೊಡುವ ರೊಟ್ಟಿ ನಿಜವಾಗಿಯೂ ಯೇಸುವಿನ ದೇಹ ಅಂತ ಕ್ರೈಸ್ತರು ನಂಬುತ್ತಾರಾ, ಇಲ್ಲ ಸುಮ್ನೆ ನೆನಪಿಗೆ ತಿನ್ನುತ್ತಾರಾ ಅಂತ ಕೇಳಿದ್ದೀರಿ. ನಾನು ಕ್ಯಾಥೊಲಿಕ್, ಪೂರ್ತಿಯಾಗಿ ನಂಬುತ್ತೇನೆ. ಆದರೆ ಎಲ್ಲ ಸಭೆಗಳದ್ದೂ, ಅಂದರೆ ಕ್ರೈಸ್ತ ಪಂಗಡಗಳದ್ದೂ, ಒಂದೇ ಮಾತಲ್ಲ. ಯಾರು ಏನು ನಂಬುತ್ತಾರೆ ಅಂತ ತಿಳಿಯಬೇಕಾ? ಹಂಚಿದ ಮೇಲೆ ಉಳಿದ ರೊಟ್ಟಿಯನ್ನು ಏನು ಮಾಡುತ್ತಾರೆ ನೋಡಿ.

ಈ ಪ್ರಸಾದ ಹಂಚುವ ನಮ್ಮ ಆರಾಧನೆಯಾದ ಬಲಿಪೂಜೆಯಲ್ಲಿ ಗುರುಗಳು ತಟ್ಟೆಗೆ ಉದುರಿದ ಚೂರುಗಳನ್ನು ದ್ರಾಕ್ಷಾರಸದ ಬಟ್ಟಲಿಗೆ ಒರೆಸಿ ಹಾಕುತ್ತಾರೆ. ಬಟ್ಟಲನ್ನು ನೀರಲ್ಲಿ ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಉಳಿದ ಪ್ರಸಾದವನ್ನು ಬೀಗವಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಕ್ಕದಲ್ಲಿ ಹಗಲೂ ರಾತ್ರಿ ದೀಪ ಉರಿಯುತ್ತದೆ, ಮುಂದೆ ಹಾದುಹೋಗುವವರು ಮೊಣಕಾಲೂರುತ್ತಾರೆ. ಬರೀ ಗುರುತಿಗೆ ಯಾರೂ ಇಷ್ಟೆಲ್ಲ ಮಾಡಲ್ಲ, ಅಲ್ವಾ?

ಲ್ಯಾಬಿಗೆ ಕಳಿಸಿದರೆ ಗೋಧಿ ರೊಟ್ಟಿ ಅಂತಲೇ ವರದಿ ಬರುತ್ತದೆ. ನಮ್ಮ ಸಭೆ ಅದನ್ನು ಅಲ್ಲಗಳೆಯುವುದಿಲ್ಲ. ರುಚಿ, ಬಣ್ಣ, ತೂಕ ಎಲ್ಲ ಹಾಗೇ ಇರುತ್ತವೆ. ಬದಲಾಗುವುದು ಕಣ್ಣಿಗೆ ಕಾಣದ ಒಳಗಿನ ಸತ್ವ. ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ್ದ 1215ರ ಲ್ಯಾಟರನ್ ಮಹಾಸಭೆ ಇದನ್ನು ಹೇಳಿತು, 1551ರಲ್ಲಿ ಟ್ರೆಂಟ್ ಮಹಾಸಭೆ ಮತ್ತೆ ಗಟ್ಟಿ ಮಾಡಿತು. ಹಾಗಂತ ಇದು ಆಗ ಹುಟ್ಟಿದ ನಂಬಿಕೆಯಲ್ಲ. ಎರಡನೇ ಶತಮಾನದ ಶುರುವಿನಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್, ಇದು ಕ್ರಿಸ್ತನ ಮಾಂಸ ಅಂತ ಒಪ್ಪದವರು ಪ್ರಸಾದದಿಂದ ದೂರ ಉಳಿಯುತ್ತಾರೆ ಅಂತ ಬರೆದಿದ್ದರು.

ಪೂರ್ವದ ಹಳೆಯ ಆರ್ಥಡಾಕ್ಸ್ ಸಭೆಗಳೂ ನಿಜ ದೇಹ ಅಂತಲೇ ನಂಬುತ್ತವೆ. ಹೇಗೆ ಅಂತ ಜಾಸ್ತಿ ಬಿಡಿಸಲು ಹೋಗುವುದಿಲ್ಲ.

16ನೇ ಶತಮಾನದಲ್ಲಿ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಪ್ರೊಟೆಸ್ಟಂಟರಲ್ಲಿ ಒಡಕು ಮೊದಲಿನಿಂದಲೂ ಇದೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಅವರ ಮುಂದಾಳುಗಳಾದ ಲೂಥರ್ ಮತ್ತು ಜ್ವಿಂಗ್ಲಿ ಮಾತುಕತೆಗೆ ಕೂತರು. ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ, ಯೇಸು ಕಡೆಯ ಊಟದಲ್ಲಿ ರೊಟ್ಟಿ ಹಿಡಿದು ಹೇಳಿದ 'ಇದು ನನ್ನ ದೇಹ' ಅನ್ನುವ ಮಾತು ಬರೆದು, ಅದರಿಂದ ಕದಲಲಿಲ್ಲ. ಜ್ವಿಂಗ್ಲಿಗೆ ಅದು ನೆನಪಿನ ಊಟ. 14 ಅಂಶಗಳಿಗೆ ಇಬ್ಬರೂ ಒಪ್ಪಿದರು, 15ನೆಯದರಲ್ಲಿ ಇದೊಂದೇ ಉಳಿದುಹೋಯಿತು. ಆಮೇಲೆ ಬಂದ ಇನ್ನೊಬ್ಬ ಮುಂದಾಳು ಕ್ಯಾಲ್ವಿನ್, ಪವಿತ್ರಾತ್ಮನ ಮೂಲಕ ನಂಬಿದವರಿಗೆ ಕ್ರಿಸ್ತ ನಿಜವಾಗಿ ಸಿಗುತ್ತಾನೆ, ಆದರೆ ರೊಟ್ಟಿ ರೊಟ್ಟಿಯೇ ಅಂದರು. ಜ್ವಿಂಗ್ಲಿಯ ದಾರಿ ಹಿಡಿದ ಸಭೆಗಳಲ್ಲಿ ಉಳಿದ ರೊಟ್ಟಿಗೆ ದೀಪವೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಅವರ ನಂಬಿಕೆಗೆ ಅದೇ ಸರಿ.

ನನ್ನನ್ನು ಹಿಡಿದು ನಿಲ್ಲಿಸಿರುವುದು ಯೋಹಾನನ ಸುವಾರ್ತೆಯ 6ನೇ ಅಧ್ಯಾಯ. ನನ್ನ ಮಾಂಸ ತಿನ್ನಬೇಕು ಅಂತ ಯೇಸು ಹೇಳಿದ ಮಾತು ಕಠಿಣವಾಯಿತು ಅಂತ ಎಷ್ಟೋ ಶಿಷ್ಯರು ಬಿಟ್ಟು ಹೋದರು. ಬರೀ ಉಪಮೆ ಆಗಿದ್ದರೆ ಯೇಸು ಕರೆದು ಹಾಗಂತ ಹೇಳಬಹುದಿತ್ತು. ಅದರ ಬದಲು ತಮ್ಮ ಆಪ್ತ ಹನ್ನೆರಡು ಶಿಷ್ಯರನ್ನೂ, ನೀವೂ ಹೋಗುತ್ತೀರಾ ಅಂತ ಕೇಳಿದರು. ಪ್ರೊಟೆಸ್ಟಂಟರು 'ಬದುಕಿಸುವುದು ಆತ್ಮ, ಮಾಂಸದಿಂದ ಏನೂ ಪ್ರಯೋಜನವಿಲ್ಲ' ಅನ್ನುವ ಅದೇ ಅಧ್ಯಾಯದ 63ನೇ ವಚನ ತೋರಿಸಿ ಬೇರೆ ಅರ್ಥ ಹೇಳುತ್ತಾರೆ. ಇಡೀ ಅಧ್ಯಾಯವನ್ನು ಒಮ್ಮೆ ನೀವೇ ಓದಿ ನೋಡಿ.