ಮನೆಯಲ್ಲೇ ಕೂತು ಬಿ.ಎ.: ಹಾಕಿದ ದುಡ್ಡು ಹುಟ್ಟುತ್ತದೆಯೇ?

ಪ್ರಶ್ನೆ: ಗೋಣಿಕೊಪ್ಪಲಿನ ಹತ್ತಿರ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೇನೆ. ವಯಸ್ಸು 26, ಪಿಯುಸಿ ಆಗಿದೆ, ಸಂಬಳ ತಿಂಗಳಿಗೆ 16,000 ರೂ. ಖಾಸಗಿ ವಿಶ್ವವಿದ್ಯಾಲಯವೊಂದು ಆನ್‌ಲೈನ್ ಬಿ.ಎ.ಗೆ ಮೂರು ವರ್ಷಕ್ಕೆ 1,20,000 ರೂ. ಕೇಳುತ್ತಿದೆ. ಕಂತಿನಲ್ಲೂ ಕಟ್ಟಬಹುದಂತೆ. ಸೇರಲೇ?
— ಓದುಗರು, ಗೋಣಿಕೊಪ್ಪಲು

ಉತ್ತರ: ಪದವಿ ಆದ ಮೇಲೆ ಯಾವ ಕೆಲಸಕ್ಕೆ ಅರ್ಜಿ ಹಾಕುತ್ತೀರಿ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ಅದು ತಿಳಿಯದೆ ಲೆಕ್ಕ ಶುರುವಾಗುವುದಿಲ್ಲ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಕೆಎಎಸ್‌ಗೆ ಪದವಿ ಬೇಕೇ ಬೇಕು. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ನಿಮ್ಮ ಪಿಯುಸಿ ಸಾಕು. ಅವುಗಳ ತಯಾರಿಗೆ ಮೂರು ವರ್ಷ ಕಾಯಬೇಕಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಆಸೆಯಿದ್ದರೆ ವಯಸ್ಸು ನೋಡಿ. ಸರ್ಕಾರಿ ಬ್ಯಾಂಕುಗಳಿಗೆ ಆಯ್ಕೆ ಪರೀಕ್ಷೆ ನಡೆಸುವ ಐಬಿಪಿಎಸ್‌ನಲ್ಲಿ ಕ್ಲರ್ಕ್ ಹುದ್ದೆಗೆ ಮಿತಿ 28, ಪಿಒಗೆ (ಅಧಿಕಾರಿ ಹುದ್ದೆ) 30. ಹಿಂದುಳಿದ ವರ್ಗಕ್ಕೆ ಮೂರು, ಪರಿಶಿಷ್ಟರಿಗೆ ಐದು ವರ್ಷದ ಸಡಿಲಿಕೆ ಇದೆ. ಈಗ ಸೇರಿದರೆ ನಿಮ್ಮ ಕೈಗೆ ಪದವಿ ಬರುವುದು 29ಕ್ಕೆ. ನೀವು ಸಾಮಾನ್ಯ ವರ್ಗದವರಾಗಿದ್ದರೆ ಕ್ಲರ್ಕ್ ಹುದ್ದೆ ಕೈತಪ್ಪಿದಂತೆಯೇ, ಪಿಒಗೂ ಉಳಿಯುವುದು ಒಂದೆರಡು ಅವಕಾಶ. ಹಾಗಾಗಿ ಬ್ಯಾಂಕ್ ಒಂದನ್ನೇ ನಂಬಿ ಈ ದುಡ್ಡು ಹಾಕಬೇಡಿ.

ಇನ್ನು ದುಡ್ಡಿನ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2020ರ ನಿಯಮಾವಳಿಯಡಿ ಮಾನ್ಯತೆ ಪಡೆದ ಆನ್‌ಲೈನ್ ಮತ್ತು ದೂರ ಶಿಕ್ಷಣದ ಪದವಿಗಳು ತರಗತಿಯಲ್ಲಿ ಓದಿ ಪಡೆದ ಪದವಿಗೆ ಸಮ. ಆದ್ದರಿಂದ 'ಯಾವುದೇ ಪದವಿ' ಎಂದಿರುವ ಪರೀಕ್ಷೆಗೆ ದುಬಾರಿ ಬಿ.ಎ.ಯೂ ಅಗ್ಗದ ಬಿ.ಎ.ಯೂ ಒಂದೇ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಶುಲ್ಕಪಟ್ಟಿ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಿ. ಪರೀಕ್ಷಾ ಶುಲ್ಕ, ಓಡಾಟ ಎಲ್ಲ ಸೇರಿ ಅಲ್ಲಿ 30,000 ಆಗುತ್ತದೆ ಎಂದಿಟ್ಟುಕೊಳ್ಳೋಣ. ಪದವಿಯಿಂದ ತಿಂಗಳಿಗೆ 4,000 ಹೆಚ್ಚು ಸಿಕ್ಕರೆ ಆ 30,000 ಏಳೆಂಟು ತಿಂಗಳಲ್ಲಿ ವಾಪಸು. 1,20,000 ವಾಪಸಾಗಲು ಎರಡೂವರೆ ವರ್ಷ. ತೋಟದಲ್ಲೇ ಉಳಿದು ಸಂಬಳ ಏರದಿದ್ದರೆ ಎರಡೂ ಹುಟ್ಟುವುದಿಲ್ಲ. ಪದವಿಯಾದರೆ ಸಂಬಳ ಎಷ್ಟು ಏರೀತು ಎಂದು ಮ್ಯಾನೇಜರರನ್ನು ಈಗಲೇ ಕೇಳಿಬಿಡಿ. ಕೆಲಸ ಬಿಟ್ಟು ಕಾಲೇಜಿಗೆ ಹೋದರೆ ಮಾತ್ರ 36 ತಿಂಗಳ ಸಂಬಳ, ಅಂದರೆ 5,76,000 ರೂ. ಹೋಗುತ್ತದೆ. ದುಡಿಯುತ್ತಲೇ ಓದುವ ದಾರಿಯ ನಿಜವಾದ ಲಾಭ ಅದು, ಮತ್ತು ಆ ಲಾಭ ಅಗ್ಗದ ದೂರ ಶಿಕ್ಷಣದಲ್ಲೂ ಅಷ್ಟೇ ಇದೆ.

ಕಂತಿನ ವಿಷಯದಲ್ಲಿ ತುಂಬ ಜನ ಮೋಸಹೋಗುತ್ತಾರೆ. ವಿಶ್ವವಿದ್ಯಾಲಯದ ಕಂತು ಎಂದುಕೊಂಡು ನೀವು ಸಹಿ ಹಾಕುವ ಕಾಗದ ಎಷ್ಟೋ ಸಲ ಹಣಕಾಸು ಕಂಪನಿಯೊಂದರ ಸಾಲಪತ್ರವಾಗಿರುತ್ತದೆ. ಮಧ್ಯೆ ಓದು ಬಿಟ್ಟರೂ ಸಾಲ ನಿಲ್ಲುವುದಿಲ್ಲ. ಬಡ್ಡಿ ಶೇ. 12 ಎಂದರೆ ಯಾವ ಬಗೆಯ 12 ಎಂದು ಕೇಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿಯಾದರೆ 36 ತಿಂಗಳ ಕಂತು ಸುಮಾರು 3,986 ರೂ., ಒಟ್ಟು ಬಡ್ಡಿ ಸುಮಾರು 23,500. ಪೂರ್ತಿ ಅಸಲಿನ ಮೇಲೆ ಕೊನೆವರೆಗೂ ಬಡ್ಡಿ ಹಾಕಿದರೆ ಕಂತು 4,533, ಬಡ್ಡಿ 43,200! 'ಬಡ್ಡಿಯಿಲ್ಲ' ಎಂದರೆ, ಒಂದೇ ಸಲ ಕಟ್ಟುವವರಿಗೆ ಎಷ್ಟು ರಿಯಾಯಿತಿ ಎಂದು ವಿಚಾರಿಸಿ. ಬಡ್ಡಿ ಅಡಗಿರುವುದು ಅಲ್ಲೇ.

ಸೇರುವ ಮುನ್ನ ಯುಜಿಸಿಯ ದೂರ ಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು ಸಿಕ್ಕಿತೆಂದು ಸುಮ್ಮನಾಗಬೇಡಿ. ನಿಮ್ಮ ಕೋರ್ಸು, ನೀವು ಸೇರುವ ವರ್ಷ, ಜನವರಿಯ ಪ್ರವೇಶವೋ ಜುಲೈಯದೋ, ಮೂರೂ ಹೊಂದಬೇಕು. ಮಾನ್ಯತೆ ಒಮ್ಮೆ ಇದ್ದದ್ದು ಸದಾ ಇರುವುದಿಲ್ಲ: ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಕೆಲವು ವರ್ಷ ಇರಲಿಲ್ಲ, 2018ರಲ್ಲಿ ಮರಳಿ ಸಿಕ್ಕಿತು. ಪ್ರವೇಶಕ್ಕೆ ಡಿಇಬಿ ಐಡಿ ಬೇಕು, ಅದಕ್ಕೆ ಮೊದಲು ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳು ಜಮಾ ಆಗುವ ಖಾತೆಯ ಸಂಖ್ಯೆ). ಎರಡನ್ನೂ ನೀವೇ ಮಾಡಿಕೊಳ್ಳಿ, ಏಜೆಂಟರ ಮೊಬೈಲ್ ನಂಬರ್ ಹಾಕಿಸಬೇಡಿ. ಕೊಡಗಿನಲ್ಲಿ ಇನ್ನೊಂದು ತೊಡಕು: ಅಂಕಪಟ್ಟಿಯಲ್ಲಿ ಮನೆಹೆಸರಿನ ಮೊದಲಕ್ಷರ ಮಾತ್ರ, ಆಧಾರ್‌ನಲ್ಲಿ ಪೂರ್ತಿ ಮನೆಹೆಸರು. ಹಾಗಿದ್ದರೆ ಮೊದಲು ಆಧಾರ್ ಸರಿಪಡಿಸಿಕೊಳ್ಳಿ.

ಪರೀಕ್ಷೆ ಯಾವ ತಿಂಗಳು, ಕ್ಯಾಮೆರಾ ಮುಂದೆ ಮನೆಯಲ್ಲೋ ಕೇಂದ್ರದಲ್ಲೋ ಎಂದೂ ಕೇಳಿ. ಜೂನ್-ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಟವರೂ ಸತ್ತರೆ ಮನೆಯ ಯುಪಿಎಸ್‌ನಿಂದ ಏನೂ ಆಗದು. ಸಂಪರ್ಕ ಕಡಿದಾಗ ಮರುಪರೀಕ್ಷೆ ಉಂಟೇ, ಅದಕ್ಕೆ ಶುಲ್ಕವೆಷ್ಟು ಎಂಬುದನ್ನು ಬರಹದಲ್ಲೇ ಪಡೆಯಿರಿ. ಡಿಸೆಂಬರ್-ಜನವರಿಯಲ್ಲಾದರೆ ರೊಬಸ್ಟಾ ಕೊಯ್ಲು. ರೈಟರಿಗೆ ರಜೆ ಸಿಗುವುದು ಕಷ್ಟ ಎಂಬುದು ನಿಮಗೇ ಗೊತ್ತು.

ಪ್ರಶ್ನೆ: ಮಗಳು ಈ ವರ್ಷ ಪಿಯುಸಿ ಮುಗಿಸಿದ್ದಾಳೆ, ಮುಂದೆ ಟೀಚರ್ ಆಗುವ ಆಸೆ. ಆನ್‌ಲೈನ್ ಬಿ.ಎ. ಸಾಕೇ?
— ತಾಯಿ, ಸೋಮವಾರಪೇಟೆ

ಉತ್ತರ: ದುಡಿಯುವ ಅಗತ್ಯ ಇಲ್ಲದಿದ್ದರೆ ಕಾಲೇಜಿಗೇ ಕಳಿಸಿ, ತಾಯಿ. ಹತ್ತಿರದಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಶುಲ್ಕ ಕಡಿಮೆ, ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ದುಡ್ಡಿಲ್ಲ. ಅವಳಿಗೆ ಈಗ ಬಿಟ್ಟುಹೋಗುವ ಸಂಬಳವೇ ಇಲ್ಲವಲ್ಲ, ಆನ್‌ಲೈನ್‌ನಿಂದ ಉಳಿಯುವುದೇನು? ಬಿ.ಎಡ್‌ಗೆ ಪದವಿಯಲ್ಲಿ ಶೇ. 50 ಅಂಕ ಬೇಕು, ಮೀಸಲು ವರ್ಗಕ್ಕೆ ರಿಯಾಯಿತಿ ಇದೆ. ಇತಿಹಾಸ, ಭೂಗೋಳ, ಕನ್ನಡ, ಇಂಗ್ಲಿಷಿನಂಥ ಶಾಲೆಯಲ್ಲಿ ಕಲಿಸುವ ವಿಷಯಗಳನ್ನೇ ಆರಿಸಿಕೊಳ್ಳಲಿ.

ಪ್ರಶ್ನೆ: ಮಗನ ಆನ್‌ಲೈನ್ ಪದವಿಗೆ ಸಾಲ ಮಾಡಿದರೆ ತೆರಿಗೆ ಉಳಿಯುತ್ತದೆಯೇ?
— ಹೋಂಸ್ಟೇ ಮಾಲೀಕರು, ಮಡಿಕೇರಿ

ಉತ್ತರ: 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಇ ಎಂದಿದ್ದ ರಿಯಾಯಿತಿ ಬಡ್ಡಿಗೆ ಮಾತ್ರ, ಅಸಲಿಗಲ್ಲ, ಬಡ್ಡಿ ಕಟ್ಟತೊಡಗಿದ ವರ್ಷದಿಂದ ಎಂಟು ವರ್ಷದವರೆಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ. ನಂಟರಿಂದ ತಂದ ಕೈಸಾಲದ ಬಡ್ಡಿಗೆ ಇದು ಸಿಗದು. ಬ್ಯಾಂಕಿನಿಂದ ಪ್ರತಿ ವರ್ಷ ಬಡ್ಡಿ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ.